ಅರ್ಧಕ್ಕರ್ಧ ಬೆರೆಸಿದ ಇಂಕು

ಹೊರಗಿನ ಇಂಕಿನ ನಾಲ್ಕು ಡಬ್ಬಿಗಳನ್ನು ನಮ್ಮ ಮಾಲೀಕರು ಜೀಪಿನ ಹಿಂದೆ ಮೆಣಸಿನಕಾಯಿ ಚೀಲಗಳ ನಡುವೆ ಇಟ್ಟುಕೊಂಡು ತಂದರು. ಹಾಗಾಗಿ ಅವನ್ನು ಇಳಿಸಿಕೊಳ್ಳುವಾಗ ನಾನು ಮಾಡಿದ ಮೊದಲ ಕೆಲಸ ಸೀನುವುದು. ಆರೇಳು ಸಲ ಸೀನಿ, ಕಣ್ಣೊರೆಸಿಕೊಂಡು ನೋಡಿದರೆ ಡಬ್ಬಿಗಳ ಮೇಲೆ ನಮ್ಮ ಮಷೀನಿನ ಕಂಪನಿಯ ಹೆಸರೇ ಇರಲಿಲ್ಲ.

ಅದು ೨೦೦೭ರ ಬೇಸಿಗೆ. ರಾಣೆಬೆನ್ನೂರಿನ ನಮ್ಮ ಅಂಗಡಿಗೆ ಹತ್ತು ಅಡಿ ಅಗಲದ ಫ್ಲೆಕ್ಸ್ ಮುದ್ರಿಸುವ ಮಷೀನು ಬಂದು ಹತ್ತು ತಿಂಗಳಾಗಿತ್ತು. ಅದನ್ನು ನಡೆಸುವವಳು ನಾನು. ದಿನಾ ಬೆಳಿಗ್ಗೆ ಮೋಟೆಬೆನ್ನೂರಿನಿಂದ ಬಸ್ಸಿನಲ್ಲಿ ಬಂದು, ಷಟರ್ ಎತ್ತಿ, ಮಷೀನಿಗೆ ಮುಖ ತೊಳೆಸಿ ಕೆಲಸ ಶುರು ಮಾಡುತ್ತಿದ್ದೆ. ಮಾಲೀಕರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಸೋಮವಾರ, ಗುರುವಾರ ಪೇಟೆ ನಡೆಯುವ ದಿನ ಅವರು ಅಲ್ಲಿ. ಉಳಿದ ದಿನ ಮನಸ್ಸು ಬಂದಾಗ ಇಲ್ಲಿ. ಮೆಣಸಿನಕಾಯಿಯ ಬಗ್ಗೆ ಅವರಿಗೆ ತಿಳಿಯದ್ದಿಲ್ಲ. ಮಷೀನಿನ ಬಗ್ಗೆ ತಿಳಿದದ್ದು ಏನೂ ಇಲ್ಲ. ಅದನ್ನು ಅವರೇ ಎಲ್ಲರೆದುರು ಹೇಳಿಕೊಳ್ಳುತ್ತಿದ್ದರು.

ಆ ಮಷೀನಿನ ಜೀವವಿರುವುದು ಹೆಡ್ಡುಗಳಲ್ಲಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆಗಳು. ಪ್ರತಿಯೊಂದರ ತಳದಲ್ಲಿ ಕೂದಲಿಗಿಂತ ಸಣ್ಣ ನೂರಾರು ತೂತುಗಳು. ನಾಲ್ಕು ಬಣ್ಣಕ್ಕೆ ಎರಡೆರಡರಂತೆ ಎಂಟು ಹೆಡ್ಡು. ತೂತಿನಲ್ಲಿ ಇಂಕು ಕಟ್ಟಿಕೊಂಡರೆ ಹೆಡ್ಡು ಸತ್ತ ಹಾಗೆ. ಎಂಟೂ ಸತ್ತರೆ ಮಷೀನು ಬರೀ ಕಬ್ಬಿಣದ ಮಂಚ. ಒಂದು ವರ್ಷದೊಳಗೆ ಹೆಡ್ಡು ಕೆಟ್ಟರೆ ಕಂಪನಿಯೇ ಬದಲಿಸಿ ಕೊಡುತ್ತಿತ್ತು, ಒಂದೇ ಕರಾರಿನ ಮೇಲೆ: ಕಂಪನಿಯ ಇಂಕನ್ನೇ ಹಾಕಬೇಕು.

ಆ ಇಂಕಿನ ಬೆಲೆ ಕೈ ಸುಡುತ್ತಿತ್ತು, ಸುಳ್ಳಲ್ಲ. ಹುಬ್ಬಳ್ಳಿ, ದಾವಣಗೆರೆಯ ಅಂಗಡಿಗಳು ಹೊರಗಿನ ಇಂಕು ಹಾಕಿ ದರ ಇಳಿಸಿದ್ದವು. ನಮ್ಮ ಗಿರಾಕಿಗಳು ದಿನಾ ಅದನ್ನೇ ಎತ್ತಿ ಆಡುತ್ತಿದ್ದರು. ಹುಬ್ಬಳ್ಳಿಯ ಇಂಕಿನ ವ್ಯಾಪಾರಿಯೊಬ್ಬ ಅರ್ಧ ಬೆಲೆಗೆ ಅಂಥದೇ ಇಂಕು ಕೊಡುತ್ತೇನೆಂದಾಗ ಮಾಲೀಕರು ಒಪ್ಪಿದ್ದರಲ್ಲಿ ನನಗೆ ಈಗಲೂ ತಪ್ಪು ಕಾಣುವುದಿಲ್ಲ. ತಪ್ಪು ನಡೆದದ್ದು ಅದರ ಮರುಗಳಿಗೆ.

ಡಬ್ಬಿ ಇಳಿಸಿದ ಮೇಲೆ ಮಾಲೀಕರು ಸ್ಟೂಲಿನ ಮೇಲೆ ಕೂತು ಹೇಳಿದರು:

"ತಂಗಿ, ನಮ್ಮ ಪ್ಯಾಟ್ಯಾಗ ಪುಡಿ ಮಿಲ್ಲಿನವ್ರಿಗೆ ಮಾಲ ಕೊಡೂ ಮುಂದ ಏನ ಮಾಡ್ತೇವಿ ಗೊತ್ತೈತೇನು? ಕೋಲ್ಡ್ ಸ್ಟೋರೇಜಿನ ಹೋದ ವರ್ಷದ ಕಾಯಿಗೆ ಈ ವರ್ಷದ ಹೊಸಾ ಕಾಯಿ ಕೂಡಸ್ತೇವಿ. ಬಣ್ಣ ಎದ್ದ ಬರ್ತೈತಿ, ರೇಟೂ ಹೊಂದತೈತಿ. ಇದಕ್ಕೂ ಹಂಗ ಮಾಡು. ಕಂಪನೀದು ಅರ್ಧ, ಇದು ಅರ್ಧ. ಬಣ್ಣಾನೂ ಕೆಡೂದಿಲ್ಲ, ಖರ್ಚೂ ಇಳೀತೈತಿ."

ಅವರ ಎದುರಿನ ಗೋಡೆಯ ಮೇಲೆ, ಮಷೀನು ಕೂಡಿಸಲು ಬಂದಿದ್ದ ಎಂಜಿನಿಯರ್ ಅಂಟಿಸಿ ಹೋದ ಕಾಗದವಿತ್ತು. ಅದರ ಮೂರನೇ ಸಾಲು: ಬೇರೆ ಇಂಕಿನೊಂದಿಗೆ ಬೆರೆಸಬಾರದು. ನಾನು ಆ ಕಾಗದ ನೋಡಿದೆ, ಅವರನ್ನು ನೋಡಿದೆ.

"ಸಾವಕಾರ್ರ, ಅದು..."

"ಏನವ್ವಾ?"

"ಏನಿಲ್ರಿ."

ಅಷ್ಟೇ. ಯಾರೂ ನನ್ನ ಬಾಯಿ ಹಿಡಿದಿರಲಿಲ್ಲ. ಮೂವತ್ತು ವರ್ಷ ವ್ಯಾಪಾರ ಮಾಡಿದವರಿಗೆ ನಾನು ಹೇಳುವುದೇ ಎಂಬ ಸಂಕೋಚ, ಮುಖ ಗಂಟಿಕ್ಕಿದರೆ ಎಂಬ ಭಯ, ಜೊತೆಗೆ, ಹೇಳಿಬಿಡುತ್ತೇನೆ, ಅವರ ಲೆಕ್ಕ ನನಗೂ ಸರಿಯೆನ್ನಿಸಿತು. ಮಾಪಿನ ಚೊಂಬಿನಲ್ಲಿ ಸಮಸಮ ಅಳೆದು, ಕಟ್ಟಿಗೆಯಿಂದ ಕದಡಿ, ನಾಲ್ಕೂ ಬಣ್ಣದ ಟ್ಯಾಂಕಿಗೆ ಸುರಿದೆ.

ಹದಿನೈದು ದಿನ ಮಷೀನು ಚೆನ್ನಾಗಿ ಓಡಿತು. ಕೆಂಪು ಮೊದಲಿಗಿಂತ ಎದ್ದು ಕಾಣುತ್ತದೆ ಎಂದು ಗಿರಾಕಿಗಳು ಹೊಗಳಿದರು. ನಾನೂ ಆ ಕಾಗದವನ್ನು ಮರೆತೆ. ಎಂಜಿನಿಯರುಗಳು ತಮ್ಮ ಇಂಕು ಖರ್ಚಾಗಲೆಂದು ಹೀಗೆಲ್ಲ ಹೆದರಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಗ ಬಂತು ಹಾವೇರಿಯ ಬೀಜದ ವ್ಯಾಪಾರಿಯ ಆರ್ಡರು. ಹೊಸರಿತ್ತಿಯಿಂದ ಕದರಮಂಡಲಗಿಯವರೆಗೆ ಅವರ ಮೆಣಸಿನಕಾಯಿ ಬೀಜ ಮಾರುವ ಪ್ರತಿ ಅಂಗಡಿಯ ಮುಂದೆ ಒಂದೊಂದು ಬ್ಯಾನರು ತೂಗಬೇಕು. ನೂರೈವತ್ತು ಬ್ಯಾನರು. ಪ್ರತಿಯೊಂದರಲ್ಲೂ ಆಳೆತ್ತರದ ಕೆಂಪು ಮೆಣಸಿನಕಾಯಿ. ಮಳೆ ಬಿದ್ದು ರೈತರು ಬೀಜ ಕೊಂಡುಬಿಟ್ಟರೆ ಆಮೇಲೆ ಬ್ಯಾನರಿಗೆ ಏನೂ ಬೆಲೆಯಿಲ್ಲ. ಹಾಗಾಗಿ ಎಂಟೇ ದಿನದ ಗಡುವು.

ಮೂರನೇ ದಿನ, ಎಂಬತ್ತು ಬ್ಯಾನರು ದಾಟಿದ ಮೇಲೆ, ಮೆಣಸಿನಕಾಯಿಯ ಹೊಟ್ಟೆಯ ಮೇಲೆ ಒಂದು ಬಿಳಿ ಗೆರೆ ಕಂಡಿತು. ಧೂಳಿರಬೇಕೆಂದು ಒರೆಸಿದೆ. ಹೋಗಲಿಲ್ಲ. ಅದರ ಕೆಳಗೆ ಇನ್ನೊಂದು. ಮಷೀನು ನಿಲ್ಲಿಸಿ ಪರೀಕ್ಷೆಯ ಪಟ್ಟಿ ತೆಗೆದೆ. ಪ್ರತಿ ತೂತೂ ಒಂದೊಂದು ಸಣ್ಣ ಗೆರೆ ಎಳೆಯುತ್ತದೆ, ಸಾಲಾಗಿ ಏಣಿಯ ಮೆಟ್ಟಿಲಿನ ಹಾಗೆ ಬೀಳಬೇಕು. ಮಜೆಂಟಾ ಅಂದರೆ ಗುಲಾಬಿಗೆಂಪು ಬಣ್ಣದ ಏಣಿಯಲ್ಲಿ ಹನ್ನೊಂದು ಮೆಟ್ಟಿಲು ಮಾಯ. ಕೆಂಪು ಹುಟ್ಟುವುದೇ ಆ ಬಣ್ಣದಿಂದ.

ಇಂಕನ್ನು ಒತ್ತಿ ಹೊರಗೆ ಸುರಿಸಿದೆ, ತಳ ಒರೆಸಿದೆ. ಮೆಟ್ಟಿಲು ಮರಳಿ ಬಂದವು. ಅರ್ಧ ತಾಸು ಓಡಿದ ಮೇಲೆ ಹನ್ನೊಂದಲ್ಲ, ಇಪ್ಪತ್ತು ಹೋದವು. ಮರುದಿನ ಬೆಳಿಗ್ಗೆ ಒಂದು ಮಜೆಂಟಾ ಹೆಡ್ಡು ಪೂರ್ತಿ ಬಂದ್. ಉಳಿದೊಂದರಲ್ಲಿ ಮುದ್ರಿಸಿದ ಬ್ಯಾನರು ಇನ್ನೂ ಒಣಗುವ ಮುಂಚೆಯೇ ಬೀಜದ ವ್ಯಾಪಾರಿ ಹಾವೇರಿಯಿಂದ ಬಂದಿಳಿದರು. ಜೇಬಿನಿಂದ ತಮ್ಮ ಬೀಜದ ಪಾಕೀಟು ತೆಗೆದು ಬ್ಯಾನರಿನ ಮೇಲಿಟ್ಟು ನೋಡಿದರು.

"ಯವ್ವಾ, ಇದು ಮೆಣಸಿನಕಾಯಿ ಅಲ್ಲ, ಗಜ್ಜರಿ ಆಗೇತಿ. ನನ್ನ ಬೀಜ ಹಾಕಿದ್ರ ಗಜ್ಜರಿ ಬೆಳೀತಾವಂತ ತಿಳ್ಕೊಂಡಾರು ರೈತರು!"

ಕ್ಯಾರೆಟ್ಟಿನ ಬಣ್ಣವಾಗಿದೆಯೆಂದು ನಕ್ಕೇ ಹೇಳಿದರು. ಆದರೆ ಮುಂದಿನ ಮಾತಿಗೆ ನಗಲಿಲ್ಲ: "ಸೋಮವಾರ ಸಂಜಿಗೆ ಮಾಲ ಹಾವೇರ್ಯಾಗ ಇರಬೇಕ್ರಿ. ಆಗೂದಿಲ್ಲಂದ್ರ ಈಗ ಹೇಳ್ರಿ, ಹುಬ್ಬಳ್ಳಿಗೆ ಕೊಡ್ತೇನಿ."

"ಆಗತೈತ್ರಿ" ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಅವರು ಹೋದ ಮೇಲೆ ಟ್ಯಾಂಕಿನಿಂದ ಒಂದು ಲೋಟ ಮಜೆಂಟಾ ತೆಗೆದು ಬಿಳಿ ಪಂಜೆಯ ತುಂಡಿನಲ್ಲಿ ಸೋಸಿದೆ. ಬಟ್ಟೆಯ ಮೇಲೆ ಸಣ್ಣ ಸಣ್ಣ ಕಣ ನಿಂತವು. ಬೆರಳಲ್ಲಿ ತಿಕ್ಕಿದರೆ ಒಡೆಯಲಿಲ್ಲ. ಇನ್ನೊಂದು ಪರೀಕ್ಷೆ ಮಾಡಿದೆ. ಖಾಲಿ ಔಷಧಿ ಬಾಟಲಿಗೆ ಅದೇ ಇಂಕು ಹಾಕಿ, ಹೆಡ್ಡು ತೊಳೆಯಲು ಕಂಪನಿ ಕೊಡುವ ದ್ರಾವಣವನ್ನು ಅದಕ್ಕೆ ಸೇರಿಸಿ ಅಲುಗಾಡಿಸಿಟ್ಟೆ. ಎರಡು ತಾಸಿನಲ್ಲಿ ಒಡೆದ ಹಾಲಿನ ಹಾಗಾಯಿತು. ತಳದಲ್ಲಿ ಗಟ್ಟಿ, ಮೇಲೆ ನೀರು.

ಆಗ ತಿಳಿಯಿತು. ಎರಡು ಇಂಕೂ ತಮ್ಮಷ್ಟಕ್ಕೆ ತಾವು ಚೆನ್ನಾಗಿಯೇ ಇದ್ದವು. ಕೂಡಿದಾಗ ನಿಧಾನವಾಗಿ ಹೆಪ್ಪುಗಟ್ಟುತ್ತಿದ್ದವು. ತೊಳೆಯುವ ದ್ರಾವಣ ತಾಕಿದರೆ ಒಮ್ಮೆಲೇ ಕಟ್ಟಿಕೊಳ್ಳುತ್ತಿದ್ದವು. ನಾನು ಬೆರೆಸಿದ್ದು ಒಂದು ಬಣ್ಣವನ್ನಲ್ಲ, ನಾಲ್ಕನ್ನೂ. ಅಂದರೆ ಇವತ್ತು ಮಜೆಂಟಾ, ನಾಳೆ ಉಳಿದ ಆರೂ ಹೆಡ್ಡು.

ಮಾಲೀಕರಿಗೆ ಫೋನು ಮಾಡಿದೆ. ಹೇಳಿದ್ದು ಮಾತ್ರ ಇಷ್ಟೇ: "ಒಂದ ಹೆಡ್ ಕಟ್ಟೇತ್ರಿ." ಏಕೆ ಕಟ್ಟಿದೆ ಎಂಬುದನ್ನು ನುಂಗಿಕೊಂಡೆ.

"ಗ್ಯಾರಂಟಿ ಇನ್ನೂ ತಿಂಗಳದ ಮ್ಯಾಲ ಐತಲ್ಲ? ಕಂಪನಿಗೆ ಫೋನ್ ಹಚ್ಚು" ಎಂದರು. ಮರುದಿನ ಬೆಂಗಳೂರಿನಿಂದ ಎಂಜಿನಿಯರ್ ಬರುವುದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೇ ಮಾಲೀಕರು ಬಂದರು. ಬಂದವರೇ, "ಆ ಹುಬ್ಬಳ್ಳಿ ಡಬ್ಬಿ ಹಿಂದಿನ ಖೋಲ್ಯಾಗ ಇಡು. ಕಂಪನಿ ಡಬ್ಬಿ ಮುಂದ ಇಡು. ಅಂವ ಏನರ ಕೇಳಿದ್ರ ನಾ ಮಾತಾಡ್ತೇನಿ, ನೀ ಬಾಯಿ ಬಿಡಬ್ಯಾಡ" ಎಂದರು. ಡಬ್ಬಿಗಳನ್ನು ಹೊತ್ತು ಒಳಗಿಟ್ಟು, ಮೇಲೆ ಹರಿದ ಫ್ಲೆಕ್ಸ್ ಹೊದಿಸಿ ಬಂದದ್ದು ನಾನೇ.

ಎಂಜಿನಿಯರ್ ಒಳ್ಳೆಯ ಹುಡುಗ, ನನಗಿಂತ ಎರಡು ವರ್ಷ ದೊಡ್ಡವನಿರಬಹುದು. ಚಹಾ ಬೇಡವೆಂದು ನೇರವಾಗಿ ಮಷೀನಿನ ಮುಂದೆ ಕೂತ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ.

"ಬೇರೆ ಇಂಕ್ ಏನಾದ್ರೂ ಹಾಕಿದ್ರಾ? ವಾಸನೆ ಯಾಕೋ ಬೇರೆ ಥರ ಇದೆ."

"ಛೇ ಛೇ, ಅದು ಮೆಣಸಿನಕಾಯಿ ವಾಸನಿ ರೀ. ನನ್ನ ಅಂಗೀದು" ಎಂದರು ಮಾಲೀಕರು.

ಬೇರೆ ಹೊತ್ತಿನಲ್ಲಾದರೆ ನಾನು ನಕ್ಕುಬಿಡುತ್ತಿದ್ದೆ. ಎಂಜಿನಿಯರ್ ನನ್ನ ಕಡೆ ನೋಡಿದ. ನಾನು ಮಾನಿಟರಿನ ಕಡೆ ನೋಡಿದೆ.

ಅವನು ಬಂದ್ ಆಗಿದ್ದ ಹೆಡ್ಡನ್ನು ಬಿಚ್ಚಿ, ಸಿರಿಂಜಿಗೆ ಕೊಳವೆ ಹಚ್ಚಿ ಕಂಪನಿಯ ದ್ರಾವಣ ತುಂಬಿ ಮೆಲ್ಲಗೆ ಒತ್ತಿದ. ಒಂದು ಹನಿ ಬಂತು. ಆಮೇಲೆ ಅದೂ ನಿಂತಿತು. ಮತ್ತೆ ಒತ್ತಿದ, ಸಿರಿಂಜೇ ಹಿಂದಕ್ಕೆ ತಳ್ಳಿತು. ಅವನ ಹುಬ್ಬು ಗಂಟಾಯಿತು. "ವಿಚಿತ್ರ. ತೊಳೆದಷ್ಟೂ ಕಟ್ತಾ ಇದೆ. ಇರಲಿ, ಇದನ್ನ ಬದಲಿಸಿ ಕೊಡ್ತೀವಿ. ಉಳಿದ ಏಳಕ್ಕೆ ಪಂಪಿನಲ್ಲೇ ದ್ರಾವಣ ಓಡಿಸಿಬಿಡೋಣ, ಇವು ಕೆಡೋದು ಬೇಡ" ಎಂದು ಕೊಳವೆಯನ್ನು ದ್ರಾವಣದ ಡಬ್ಬಿಗೆ ಇಳಿಸಿದ.

ಮಾಲೀಕರ ಮುಖ ಅರಳಿತು. ಒಂದು ಹೆಡ್ಡು ಪುಕ್ಕಟೆ ಬಂದಿತ್ತು.

ನನ್ನ ಕಣ್ಣಿಗೆ ಕಂಡದ್ದು ಔಷಧಿ ಬಾಟಲಿ. ಪಂಪು ಶುರುವಾದರೆ ಆ ಒಡೆದ ಹಾಲು ಏಳೂ ಹೆಡ್ಡಿನೊಳಗೆ ತಯಾರಾಗುತ್ತದೆ. ಸುಮ್ಮನಿದ್ದರೆ ನನ್ನ ನೌಕರಿ ಇವತ್ತಿಗೆ ಉಳಿಯುತ್ತದೆ, ಮಷೀನು ಮಧ್ಯಾಹ್ನದೊಳಗೆ ಸಾಯುತ್ತದೆ. ಮಾತಾಡಿದರೆ ಮಷೀನು ಉಳಿಯಬಹುದು. ಮಾಲೀಕರನ್ನು ಅವರದೇ ಅಂಗಡಿಯಲ್ಲಿ, ಪರವೂರಿನವನ ಮುಂದೆ, ಸುಳ್ಳುಗಾರರನ್ನಾಗಿ ಮಾಡಿದ ಹೆಣ್ಣುಮಗಳನ್ನು ಅವರೇಕೆ ಇಟ್ಟುಕೊಳ್ಳುತ್ತಾರೆ? ಅವನ ಬೆರಳು ಸ್ವಿಚ್ಚಿನ ಮೇಲೆ ಹೋಯಿತು.

"ನಿಲ್ರಿ ಸರ್! ಒತ್ತಬ್ಯಾಡ್ರಿ. ಒಳಗ ಎರಡು ಇಂಕ ಕೂಡ್ಯಾವು. ಅರ್ಧಕ್ಕರ್ಧ. ನಾನ ಬೆರಸೇನಿ."

ನನ್ನ ದನಿ ಕಿರುಚಿದಂತೆ ಬಂತು. ಮಾಲೀಕರು ಸ್ಟೂಲಿನಿಂದ ಎದ್ದರು. ಹೊರಗೆ ಹೋಗಿ ಜೀಪಿನಲ್ಲಿ ಕೂತರು. ನಾನು ಹಿಂದಿನ ಕೋಣೆಯಿಂದ ಡಬ್ಬಿ ತಂದಿಟ್ಟೆ, ಔಷಧಿ ಬಾಟಲಿಯನ್ನೂ ತೋರಿಸಿದೆ. ಎಂಜಿನಿಯರ್ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದು ನಿಮಗೆ ನಿನ್ನೇನೇ ಗೊತ್ತಿತ್ತಾ ಮೇಡಂ?"

"ಗೊತ್ತಿತ್ರಿ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ರಿಪೋರ್ಟಿನಲ್ಲಿ ನಾನು ಇದನ್ನ ಬರೀಲೇಬೇಕು. ಗ್ಯಾರಂಟಿ ಇವತ್ತಿಗೆ ಮುಗೀತು" ಎಂದ. ಆಮೇಲೆ ಕೊಳವೆ ಎತ್ತಿ ಬದಿಗಿಟ್ಟು, "ಆದ್ರೂ ಹೆಡ್ ಉಳಿಸೋಣ. ಹುಬ್ಬಳ್ಳಿಯವರದ್ದೇ ತೊಳೆಯೋ ದ್ರಾವಣ ಇರುತ್ತಲ್ಲ, ಅದನ್ನ ಇವತ್ತೇ ತರಿಸ್ಬಹುದಾ?" ಎಂದು ಕೇಳಿದ.

ಇಂಕಿನ ವ್ಯಾಪಾರಿಯ ನಂಬರು ಇದ್ದದ್ದು ಮಾಲೀಕರ ಫೋನಿನಲ್ಲಿ. ಜೀಪಿನ ಹತ್ತಿರ ಹೋದೆ. ನನ್ನ ಮುಖ ನೋಡದೆ ಎಲ್ಲ ಕೇಳಿಸಿಕೊಂಡರು. ಫೋನು ಹಚ್ಚಿದರು. ಆ ವ್ಯಾಪಾರಿಗೆ ಅವರು ಬೈದ ಬೈಗುಳ ಪಕ್ಕದ ಸೈಕಲ್ ಅಂಗಡಿಯವನಿಗೂ ಕೇಳಿಸಿರಬೇಕು. "ಹತ್ತ ಮಿನಿಟಿನ್ಯಾಗ ಬಸ್ಸಿಗೆ ಹಾಕ, ಕಂಡಕ್ಟರನ ಕಡೆ ಕೊಟ್ಟ ಕಳಸು" ಎಂದು ಫೋನಿಟ್ಟು, ಜೀಪು ಶುರು ಮಾಡಿದರು. ಬಸ್ ಸ್ಟ್ಯಾಂಡಿಗೆ ಅವರೇ ಹೋದರು. ಬಸ್ಸು ಬರಲು ಮೂರು ತಾಸು ಬೇಕಿತ್ತು. ಮೂರು ತಾಸೂ ಅಲ್ಲೇ ಕಾದರು.

ಅಷ್ಟರಲ್ಲಿ ನಾವು ನಾಲ್ಕೂ ಟ್ಯಾಂಕು ಬಸಿದೆವು. ಕೊಳವೆಗಳನ್ನು ಬಿಚ್ಚಿದೆವು. ಫಿಲ್ಟರುಗಳ ತುಂಬ ಕೆಸರು ಕೂತಿತ್ತು. ಎರಡೂವರೆಗೆ ದ್ರಾವಣ ಬಂತು. ಎಂಜಿನಿಯರ್ ಅದನ್ನು ನೇರ ಹೆಡ್ಡಿಗೆ ಹಾಕಗೊಡಲಿಲ್ಲ. ಎರಡು ಬಾಟಲಿ ತೊಳೆದು ತರಿಸಿದ. ಒಂದಕ್ಕೆ ಬೆರಕೆ ಇಂಕು ಮತ್ತು ಹೊಸ ದ್ರಾವಣ, ಇನ್ನೊಂದಕ್ಕೆ ಬರೀ ಕಂಪನಿ ಇಂಕು ಮತ್ತು ಅದೇ ದ್ರಾವಣ. ಒಂದು ತಾಸು ಮೂವರೂ ಆ ಬಾಟಲಿಗಳನ್ನೇ ನೋಡುತ್ತ ಕೂತೆವು. ಮಾಲೀಕರು ಬಾಗಿಲ ಹತ್ತಿರ, ನಾನು ಮಷೀನಿನ ಹತ್ತಿರ. ಎರಡರ ತಳದಲ್ಲೂ ಗಟ್ಟಿ ಕೂರಲಿಲ್ಲ. ಈ ದ್ರಾವಣದಿಂದ ತೊಳೆಯಬಹುದು, ತೊಳೆದ ಮೇಲೆ ಉಳಿದಿರುವ ಕಂಪನಿ ಇಂಕು ತುಂಬಬಹುದು.

ಒಂದೊಂದೇ ಹೆಡ್ಡು ತೊಳೆದೆವು. ಸಿರಿಂಜನ್ನು ಕೂಸಿಗೆ ಔಷಧಿ ಕುಡಿಸುವಷ್ಟು ನಿಧಾನವಾಗಿ ಒತ್ತಬೇಕು. ಜೋರು ಮಾಡಿದರೆ ಒಳಗಿನ ಪದರ ಹರಿಯುತ್ತದೆ. ಕಪ್ಪಿನ ಎರಡೂ ತೆರೆದುಕೊಂಡವು. ನೀಲಿ, ಹಳದಿ ತೆರೆದವು. ಒಂದೊಂದು ಹೆಡ್ಡಿನ ತಳದಿಂದ ಮಳೆಯ ಹಾಗೆ ಸಣ್ಣ ಎಳೆಗಳು ಇಳಿದವು. ಮಜೆಂಟಾದ ಎರಡನೆಯದು ಬಹಳ ಸತಾಯಿಸಿ, ಆರು ತೂತು ಬಿಟ್ಟು ಉಳಿದದ್ದಕ್ಕೆ ಜೀವ ಹಿಡಿಯಿತು. ಮೊದಲನೆಯದು ಹೋಗಿತ್ತು. ಅದು ಬೆಳಿಗ್ಗೆ ಸಿರಿಂಜು ಒತ್ತುವಾಗ ನಾನು ಮಾನಿಟರು ನೋಡುತ್ತ ಕೂತಿದ್ದರಿಂದ ಹೋಯಿತು ಎಂದೇ ನಾನು ಇಂದಿಗೂ ಎಣಿಸುತ್ತೇನೆ.

ಸಂಜೆ ಹೋಗುವ ಮುಂಚೆ ಎಂಜಿನಿಯರ್ ರಿಪೋರ್ಟು ಬರೆದು, ಓದಿ ಹೇಳಿ, ನನ್ನಿಂದ ಸಹಿ ಮಾಡಿಸಿಕೊಂಡ. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಿದ್ದ. ಬ್ಯಾಗು ಹೆಗಲಿಗೇರಿಸಿ, "ಯಾವ ಇಂಕಾದ್ರೂ ಹಾಕ್ಕೊಳ್ಳಿ, ಈಗ ಅದು ನಿಮ್ಮಿಷ್ಟ. ಒಂದೇ ಹಾಕಿ. ಬದಲಿಸೋದಾದ್ರೆ ಪೂರ್ತಿ ತೊಳೆದು ಬದಲಿಸಿ" ಎಂದ.

ಮರುದಿನದಿಂದ ಒಂದೇ ಮಜೆಂಟಾ ಹೆಡ್ಡಿನಲ್ಲಿ ಕೆಲಸ. ಅದೇ ಜಾಗದ ಮೇಲೆ ಮಷೀನು ಎರಡೆರಡು ಸಲ ಹಾಯಬೇಕು, ಅಂದರೆ ಎರಡು ಪಟ್ಟು ಹೊತ್ತು. ಬೀಜದ ವ್ಯಾಪಾರಿಗೆ ನಾನೇ ಫೋನು ಮಾಡಿ, ಸೋಮವಾರಕ್ಕೆ ನೂರಿಪ್ಪತ್ತು, ಉಳಿದ ಮೂವತ್ತು ಮಂಗಳವಾರ ಎಂದು ಹೇಳಿದೆ. ಅವರು ಗೊಣಗಿ ಒಪ್ಪಿದರು. ಸೋಮವಾರ ಪಾಕೀಟು ಹಿಡಿದು ನೋಡಿ, "ಈಗ ಕಾಯಿ ಆತು ನೋಡ್ರಿ" ಎಂದರಂತೆ.

ಆ ದಿನಗಳಲ್ಲೆಲ್ಲ ಮಾಲೀಕರು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಬರುತ್ತಿದ್ದರು, ಮಷೀನಿನ ಸದ್ದು ಕೇಳುತ್ತಿದ್ದರು, ಹೋಗುತ್ತಿದ್ದರು. ಆರ್ಡರು ಮುಗಿಯುವವರೆಗೆ ತಡೆದುಕೊಂಡಿದ್ದಾರೆ, ಆಮೇಲೆ ಮನೆಗೆ ಕಳಿಸುತ್ತಾರೆ ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಮನೆಯಲ್ಲಿ ಹೇಗೆ ಹೇಳುವುದೆಂದು ಬಸ್ಸಿನಲ್ಲಿ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಮಂಗಳವಾರ ಕೊನೆಯ ಕಟ್ಟು ಹಾವೇರಿಯ ಬಸ್ಸಿಗೇರಿದ ಮೇಲೆ ಅವರು ಸ್ಟೂಲು ಎಳೆದು ಕೂತರು.

"ತಂಗಿ, ಅವತ್ತ ನಾ ಬಾಯಿ ಬಿಡಬ್ಯಾಡ ಅಂದ್ರೂ ಹೇಳಿದಿ. ಅದು ಇರ್ಲಿ. ಮೊದಲ ದಿವಸ ನಾನ ಏನವ್ವಾ ಅಂತ ಕೇಳಿದ್ನೆಲ್ಲ, ಆವಾಗ ಯಾಕ ಏನಿಲ್ರಿ ಅಂದಿ?"

ಎಂಜಿನಿಯರ್ ಮುಂದೆ ಸತ್ಯ ಹೇಳಿದ್ದಕ್ಕೆ ಒಳಗೊಳಗೆ ನನಗೆ ಸಣ್ಣ ಹೆಮ್ಮೆ ಇತ್ತು. ಅದು ಆ ಪ್ರಶ್ನೆಗೆ ನಾಚಿ ಇಳಿದುಹೋಯಿತು.

"ಹೆದರಿದ್ನಿರಿ."

"ಯಾರಿಗೆ? ನನಗ?"

"ಹೂಂ ರೀ."

ಅವರಿಗೆ ನೋವಾಯಿತು. ಮುಖದಲ್ಲಿ ಕಂಡಿತು. "ನನಗ ಇದರಾಗಿಂದು ಏನೂ ತಿಳೂದಿಲ್ಲವ್ವಾ. ತಿಳದಾಕಿ ಅಂತ ನಿನ್ನ ಕುಂದ್ರಸೇನಿ. ನೀನೂ ಏನಿಲ್ರಿ ಅಂದ್ರ ನಾ ಯಾರನ್ನ ಕೇಳ್ಲಿ?" ಎಂದರು. ಆಮೇಲೆ, "ಕೇಳ ಇಲ್ಲೆ. ಇನ್ನ ಮುಂದ ನೀ ತಪ್ಪ ಹೇಳಿದ್ರ ಬೈತೇನಿ. ಸುಮ್ಮನ ಇದ್ದಿ ಅಂದ್ರ ಕೆಲಸ ಬಿಡಸ್ತೇನಿ. ಈಗ ಹೇಳು, ಇಂಕ ಮುಗದೈತಿ. ಯಾವದು ತರೂಣು?" ಎಂದು ಕೇಳಿದರು.

ಮದುವೆಯ ಫ್ಲೆಕ್ಸು ಮೂರು ದಿನ ತೂಗಿ ಇಳಿಯುತ್ತದೆ, ಅದಕ್ಕೆ ಹೊರಗಿನ ಇಂಕು ಧಾರಾಳ ಸಾಕು ಎಂದೆ. ಆದರೆ ನಮ್ಮಲ್ಲಿ ಹೆಚ್ಚು ಬರುವುದು ಅಂಗಡಿಯ ಬೋರ್ಡು, ಬೀಜ ಗೊಬ್ಬರದ ಬ್ಯಾನರು. ಅವು ವರ್ಷಗಟ್ಟಲೆ ಬಿಸಿಲಿಗೆ ನಿಲ್ಲಬೇಕು. ಅಗ್ಗದ ಇಂಕಿನ ಫ್ಲೆಕ್ಸುಗಳು ಕೆಂಪೆಲ್ಲ ಹಾರಿ ಬರೀ ನೀಲಿ ಉಳಿದದ್ದನ್ನು ಹಾವೇರಿಯ ಬಸ್ ಸ್ಟ್ಯಾಂಡಿನ ಎದುರು ನಾನೇ ನೋಡಿದ್ದೆ. ಒಂದೇ ಮಷೀನು, ಎರಡು ಇಂಕು ಆಗದು.

"ಕಂಪನೀದ ತರ್ರಿ ಸಾವಕಾರ್ರ. ನಾಲ್ಕೂ ಬಣ್ಣ."

"ಗ್ಯಾರಂಟಿ ಹೋದ ಮ್ಯಾಲೂ ಕಂಪನೀದ? ಎರಡ ಪಟ್ಟ ರೊಕ್ಕ ಕೊಟ್ಟ?"

"ಹೂಂ ರೀ."

ಅವರು ಎದ್ದು ನಿಂತು ಬೈಯಲು ಶುರು ಮಾಡಿದರು. ನನ್ನ ಬುದ್ಧಿಗೆ ಬೈದರು, ಕಂಪನಿಗೆ ಬೈದರು, ಈ ಮಷೀನು ಕೊಳ್ಳಲು ಹೇಳಿದ ತಮ್ಮ ಅಳಿಯನಿಗೆ ಬೈದರು. ತರಿಸಿದ ಚಹಾ ಆರಿತು, ಅದಕ್ಕೂ ಬೈದರು. ಎಲ್ಲ ಮುಗಿದ ಮೇಲೆ ಜೀಪು ಹತ್ತಿ, ಕಂಪನಿಯ ನಂಬರು ಬರೆದುಕೊಡೆಂದು ಕೈಚಾಚಿದರು. ಬಿಡಿಸಲಿಲ್ಲ.